ಮಿಕ್ಸಿ ಹುಟ್ಟಿದ್ದೇ ಒಂದು ರಿಪೇರಿಯಿಂದ

ಶಾರ್ಜಾದ ನಮ್ಮ ರೂಮಿನಲ್ಲಿ ಐದು ಜನ. ಹೋದ ವರ್ಷ ಒಂದು ಶುಕ್ರವಾರ ಮೀನು ಸಾರಿಗೆ ಮಸಾಲೆ ಅರೆಯುವಾಗ ಮಿಕ್ಸಿ ನಿಂತುಹೋಯ್ತು. "ಬಿಸಾಕು ಮಾರಾಯ, ಹೊಸದು ತಗೊಂಡ್ರಾಯ್ತು" ಅಂದ ಒಬ್ಬ. ಅದನ್ನು ಊರಿಂದ ಹೊತ್ತು ತಂದಿದ್ದ ಕುಂದಾಪುರದ ಹುಡುಗ ಮಾತಾಡಲಿಲ್ಲ. ಅವನ ಅಮ್ಮ ಹಾಲು ಮಾರಿದ ದುಡ್ಡಿನಲ್ಲಿ ಕೊಡಿಸಿದ ಮಿಕ್ಸಿ ಅದು. ಅದನ್ನು ಬಿಚ್ಚುತ್ತಾ ನಾನು ಅವರಿಗೆ ಹೇಳಿದ ಕಥೆ ಇದು.

1922ರಲ್ಲಿ ಅಮೆರಿಕದ ಸ್ಟೀಫನ್ ಪೊಪ್ಲಾವ್ಸ್ಕಿ ಎಂಬುವರು ಪಾತ್ರೆಯ ತಳದಲ್ಲಿ ಬ್ಲೇಡ್ ತಿರುಗುವ ಯಂತ್ರ ಮಾಡಿದರು. ಅದು ಹಾಲಿನ ಪಾನೀಯ ಕಲಸಲಿಕ್ಕೆ. ನಮ್ಮ ಅಡುಗೆ ಹಾಗಲ್ಲ. ಒಣಮೆಣಸು, ಕೊತ್ತಂಬರಿ, ಕಾಯಿತುರಿ, ನೆನೆಸಿದ ಉದ್ದು ಎಲ್ಲಾ ಅರೆಯುವ ಕಲ್ಲಿನ ಕೆಲಸ.

1960ರ ದಶಕದ ಆರಂಭದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಇಂಜಿನಿಯರ್ ಸೀಮೆನ್ಸ್‌ನಲ್ಲಿದ್ದರು. ಅವರ ಹೆಂಡತಿ ಮಾಧುರಿಯವರ ಬಳಿ ಜರ್ಮನಿಯ ಬ್ರಾನ್ ಮಿಕ್ಸರ್ ಇತ್ತು. ಅದರ ಮೋಟಾರ್ ಕೆಟ್ಟಿತು. ರಿಪೇರಿಗೆ ನಮ್ಮ ದೇಶದಲ್ಲಿ ದಾರಿ ಇರಲಿಲ್ಲ. ನಮ್ಮ ಮಸಾಲೆ ತಡೆಯುವಂಥ ಮಿಕ್ಸಿಯನ್ನು ತಾವೇ ಮಾಡಲು ಮಾಥುರ್ ಹೊರಟರು. 1963ರಲ್ಲಿ ಕಂಪನಿ ಶುರುವಾಯ್ತು. ಮಿಕ್ಸಿಯ ಹೆಸರು ಸುಮೀತ್, ಅಂದರೆ ಒಳ್ಳೆ ಸ್ನೇಹಿತ. ಆಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅರೆಯುವ ಕಲ್ಲು ಹಿತ್ತಲು ಸೇರಿತು.

ಮೋಟಾರ್ ಯಾಕೆ ಸುಡುತ್ತೆ? ಮಿಕ್ಸಿಯಲ್ಲಿರುವುದು ಯೂನಿವರ್ಸಲ್ ಮೋಟಾರ್. ಗಟ್ಟಿ ವಸ್ತು ತುಂಬಿದರೆ ವೇಗ ಇಳಿಯುತ್ತದೆ, ವೇಗ ಇಳಿದಷ್ಟೂ ಅದು ಕರೆಂಟ್ ಹೆಚ್ಚು ಎಳೆಯುತ್ತದೆ. ವೈಂಡಿಂಗ್ ಕಾದು ಅದರ ವಾರ್ನಿಷ್ ಕರಗಿದರೆ ಕಥೆ ಮುಗೀತು. ಅದಕ್ಕೇ ಈಗಿನ ಹೆಚ್ಚಿನ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಬಟನ್ ಇರುತ್ತದೆ. ಲೋಡ್ ಜಾಸ್ತಿಯಾದರೆ ಅದು ಟ್ರಿಪ್ ಆಗುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಸಾಕು. ಇದು ಗೊತ್ತಿಲ್ಲದೆ ಒಳ್ಳೆ ಮಿಕ್ಸಿಯನ್ನು ಕಸಕ್ಕೆ ಹಾಕಿದವರನ್ನು ನಾನೇ ನೋಡಿದ್ದೇನೆ.

ಇಲ್ಲಿ ಇನ್ನೊಂದು ವಿಷಯ ಉಂಟು. ಇಲ್ಲಿನ ಮೂರು ಚಪ್ಪಟೆ ಕಾಲಿನ ಪ್ಲಗ್ ಬ್ರಿಟನ್ನಿನದು, 1947ರಲ್ಲಿ ಬಂದ ಬಿ.ಎಸ್. 1363. ನಮ್ಮ ಊರಿನ ಪ್ಲಗ್‌ನಲ್ಲಿ ಇಲ್ಲದ ಫ್ಯೂಸ್ ಇದರೊಳಗೆ ಇರುತ್ತದೆ. ಹಾಗಾಗಿ ಮೊದಲು ಪ್ಲಗ್ಗಿನ ಫ್ಯೂಸ್, ಆಮೇಲೆ ಕೆಂಪು ಬಟನ್ ನೋಡಬೇಕು.

ನಮ್ಮ ಮಿಕ್ಸಿಯಲ್ಲಿ ಎರಡೂ ಸರಿ ಇದ್ದವು. ಪ್ಲಗ್ ಕಿತ್ತಿಟ್ಟು ತಳ ಬಿಚ್ಚಿದೆ. ಕಾರ್ಬನ್ ಬ್ರಷ್ ಎರಡೂ ಸವೆದು ಕಮ್ಯುಟೇಟರನ್ನು ಮುಟ್ಟುತ್ತಲೇ ಇರಲಿಲ್ಲ. ಹಳೇ ಬ್ರಷ್ಷನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತಂದು ಹಾಕಿದೆವು. ನಾಲ್ಕು ಚಹಾದ ಖರ್ಚು. ಮಿಕ್ಸಿ ತಿರುಗಿತು.

ಎಲ್ಲಾ ನೀವೇ ಮಾಡಿ ಅಂತ ನಾನು ಹೇಳುವುದಿಲ್ಲ. ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಜುಮ್ ಎಂದರೆ ಪ್ಲಗ್ ಕಿತ್ತು ಬಲ್ಲವರಿಗೆ ಕೊಡಿ. ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಂಡು ಕೈ ಹಾಕಬೇಡಿ. ಆದರೆ ಕಸಕ್ಕೆ ಹಾಕುವ ಮೊದಲು ಒಮ್ಮೆ ತಿರುಗಿಸಿ ಅದರ ತಳ ನೋಡಿ. ಆ ರಾತ್ರಿ ಕುಂದಾಪುರದ ಹುಡುಗ ಊರಿಗೆ ಫೋನ್ ಮಾಡಿದ. ಮಿಕ್ಸಿ ಕೆಟ್ಟಿತ್ತು ಅಂತ ಅಮ್ಮನಿಗೆ ಹೇಳಲೇ ಇಲ್ಲ.