ಹಳೆಯ ಸಿ.ಡಿ.ಗಳ ಯೋಗ್ಯ ವಿಲೇವಾರಿ

ದೆಹಲಿ, ನೊಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ನಮ್ಮ ಅನೇಕರ ಕಪಾಟುಗಳಲ್ಲಿ ಇಂದಿಗೂ ಸಿ.ಡಿ., ಡಿವಿಡಿಗಳ ರಾಶಿಯಿರುತ್ತದೆ. ಭಾವಗೀತೆ, ಯಕ್ಷಗಾನ, ದಾಸರ ಪದಗಳ ಜೊತೆಗೆ ಮನೆಯ ಮದುವೆ, ನಾಮಕರಣಗಳ ದಾಖಲೆಯೂ ಅದರಲ್ಲಿ ಸೇರಿದೆ. ಅವನ್ನು ನುಡಿಸುವ ಯಂತ್ರ ಮಾತ್ರ ಮೂಲೆ ಸೇರಿದೆ. ದೀಪಾವಳಿಯ ಶುಚಿಕಾರ್ಯದಲ್ಲಿ ಇವನ್ನು ಹೊರಹಾಕುವ ಮುನ್ನ ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ರಚನೆ: 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ವ್ಯಾಸ 120 ಮಿ.ಮೀ., ದಪ್ಪ 1.2 ಮಿ.ಮೀ., ತೂಕ ಸುಮಾರು 15 ಗ್ರಾಂ. ಅದರ ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದರ ಮೇಲೆ ಅಲ್ಯೂಮಿನಿಯಂನ ಅತಿ ತೆಳುವಾದ ಲೇಪ, ರಕ್ಷಕ ಮೆರುಗೆಣ್ಣೆ ಹಾಗೂ ಮುದ್ರಣದ ಶಾಯಿ ಇರುತ್ತವೆ. ಈ ಪದರಗಳನ್ನು ಬೇರ್ಪಡಿಸುವುದು ಕಾರ್ಖಾನೆಯ ಕೆಲಸ. ಮಣ್ಣಿನಲ್ಲಿ ಅವು ಸುಲಭವಾಗಿ ಕರಗುವುದಿಲ್ಲ.

ಮೊದಲು ಪ್ರತಿ: ಮನೆಯಲ್ಲಿ ದಾಖಲಿಸಿದ ಸಿ.ಡಿ.ಗಳಲ್ಲಿರುವ ವರ್ಣದ ಪದರ ಕಾಲಕ್ರಮೇಣ ಮಾಸುತ್ತದೆ. ಅಂಗಡಿಯ ಹಾಡು ಮತ್ತೆ ದೊರೆಯಬಹುದು. ಅಗಲಿದ ಹಿರಿಯರ ದನಿ ದೊರೆಯದು. ಆದ್ದರಿಂದ ಪ್ರತಿಯೊಂದನ್ನೂ ಪರಿಶೀಲಿಸಿ, ಬೇಕಾದುದನ್ನು ಎರಡು ಕಡೆ ನಕಲು ಮಾಡಿಟ್ಟುಕೊಳ್ಳಬೇಕು.

ಗೋಪ್ಯತೆ: ಬ್ಯಾಂಕ್ ವಿವರ, ತೆರಿಗೆ ಪತ್ರ, ವೈದ್ಯಕೀಯ ವರದಿಗಳಿರುವ ಸಿ.ಡಿ.ಯನ್ನು ಹಾಗೆಯೇ ಕೊಡಬಾರದು. ಮಾಹಿತಿಯ ಪದರ ಹೆಸರು ಬರೆಯುವ ಬದಿಗೇ ಹತ್ತಿರವಿರುವುದರಿಂದ ಆ ಬದಿಯನ್ನು ಆಳವಾಗಿ ಗೀರಬೇಕು. ಡಿವಿಡಿಯಲ್ಲಿ ಆ ಪದರ ಎರಡು ಹಾಳೆಗಳ ನಡುವೆ ಇರುತ್ತದೆ; ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಚೂರು ಸಿಡಿಯದಂತೆ ತುಂಡರಿಸುವುದು ಲೇಸು.

ವಿಂಗಡಣೆ: ಸುಸ್ಥಿತಿಯ ಹಾಡು, ಚಲನಚಿತ್ರಗಳನ್ನು ಆಸಕ್ತರಿಗೆ ನೀಡಬಹುದು. ಉಳಿದವುಗಳಲ್ಲಿ ಹೊದಿಕೆಯ ಕಾಗದವನ್ನು ರದ್ದಿಗೆ ಹಾಕಿ, ಪ್ಲಾಸ್ಟಿಕ್ ಡಬ್ಬಿ ಮತ್ತು ಸಿ.ಡಿ.ಗಳನ್ನು ಬೇರೆ ಬೇರೆ ಇಡಬೇಕು. ಅವು ಒಂದೇ ಜಾತಿಯ ಪ್ಲಾಸ್ಟಿಕ್ ಅಲ್ಲ. ಅಧಿಕೃತ ಮರುಬಳಕೆದಾರರು ಸಿ.ಡಿ. ಸ್ವೀಕರಿಸುವರೇ ಎಂದು ಮೊದಲೇ ವಿಚಾರಿಸಬೇಕು. ಒಂದೆರಡು ಸಿ.ಡಿ.ಗಳಿಗಾಗಿ ಯಾರೂ ಬರಲಾರರು. ಬಡಾವಣೆಯ ಹತ್ತಾರು ಮನೆಯವರು ಒಟ್ಟಾಗಿ ಸಂಗ್ರಹಿಸಿದರೆ ಕಾರ್ಯ ಸುಲಭ. ಪಾರಿವಾಳ ಓಡಿಸಲು ಬಾಲ್ಕನಿಯಲ್ಲಿ ತೂಗುಹಾಕುವುದು ಒಳ್ಳೆಯ ಮರುಬಳಕೆಯಾದರೂ ಅದು ವಿಲೇವಾರಿಯನ್ನು ಮುಂದೂಡುತ್ತದೆ, ಅಷ್ಟೇ.

ಸುಡಬಾರದು: ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷಕಾರಿ. ರಾಜಧಾನಿ ಪ್ರದೇಶದಲ್ಲಿ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ವಿಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಆದೇಶಿಸಿದೆ. 1984ರಲ್ಲಿ ಆರಂಭವಾದ ಗಾಜಿಪುರದ ಕಸದ ತಾಣ 2002ರಲ್ಲೇ ತನ್ನ ಮಿತಿಯನ್ನು ತಲುಪಿತ್ತು. ಅಲ್ಲಿ ಬೆಂಕಿ ಬಿದ್ದಾಗ ಹೊಗೆ ಸುತ್ತಲಿನ ವಸತಿಗಳನ್ನು ಆವರಿಸುತ್ತದೆ. ನಮ್ಮ ಕಪಾಟಿನ ಕಸ ಆ ಗುಡ್ಡವನ್ನು ಸೇರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.