ತಲೆ ತಗ್ಗಿಸಿ ಮೇಯುವ ಹಸು, ತಲೆಯೆತ್ತಿ ಕುಡಿಯುವ ಕೋಳಿ

ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ ಇದೆ. ಹಾಗಾಗಿ ಅದು ನಾಲಗೆ ಚಾಚಿ, ಹಿಡಿ ಹುಲ್ಲನ್ನು ಸುತ್ತಿ ಬಾಯಿಗೆಳೆದುಕೊಂಡು, ಕೆಳಹಲ್ಲಿಗೂ ವಸಡಿಗೂ ನಡುವೆ ಒತ್ತಿ ಹಿಡಿದು ತಲೆ ಜಗ್ಗಿ ಹರಿಯುತ್ತದೆ. ಮೇಯುವಷ್ಟು ಹೊತ್ತೂ ತಲೆ ನೆಲಕ್ಕೆ ಬಾಗಿರುತ್ತದೆ. ಈ ಭಂಗಿಯಲ್ಲಿ ತಿಂದಾಗ ಜೊಲ್ಲು ಹೆಚ್ಚು ಸುರಿಯುತ್ತದೆ. ದೊಡ್ಡ ಹಾಲಿನ ಹಸುವಿಗೆ ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಒಸರುತ್ತದೆ. ಅದರಲ್ಲಿರುವ ಬೈಕಾರ್ಬೊನೇಟೇ ಮೊದಲ ಹೊಟ್ಟೆಯ, ಅಂದರೆ ರೂಮೆನ್‌ನ, ಹುಳಿಯನ್ನು ಹದದಲ್ಲಿಡುವುದು. ಎದೆಮಟ್ಟಕ್ಕೆ ಗೋದಲಿ ಕಟ್ಟಿದರೆ ಈ ಅನುಕೂಲ ತಪ್ಪುತ್ತದೆ. ನೆಲಕ್ಕೆ ಸಮವಾಗಿ ಮೇವು ಹಾಕಿದರೂ ತೊಡಕೇ. ಬಯಲಿನಲ್ಲಿ ಹಸು ಒಂದು ಮುಂಗಾಲನ್ನು ಮುಂದಿಟ್ಟು ಬಾಗುತ್ತದೆ, ಕಂಬಿಯ ಹಿಂದೆ ಎರಡೂ ಕಾಲು ಜೋಡಿಸಿ ನಿಂತಾಗ ಬಾಯಿ ನೆಲಕ್ಕೆ ಎಟುಕುವುದು ಕಷ್ಟ. ಇದಕ್ಕಾಗಿಯೇ ಇಂದಿನ ಕೊಟ್ಟಿಗೆಗಳಲ್ಲಿ ಹಸು ನಿಲ್ಲುವ ಜಾಗಕ್ಕಿಂತ ಮೇವಿನ ಕಟ್ಟೆಯನ್ನು 10–15 ಸೆಂ.ಮೀ. ಎತ್ತರಿಸುತ್ತಾರೆ.

ಇಷ್ಟು ಸರಳ ಸಂಗತಿ ಕಟ್ಟಡದ ನಕ್ಷೆಗೆ ಇಳಿಯಲು ಬಹಳ ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೇವಿನ ಸಲಕರಣೆ ಮಾಡುವವರ ಮುಂದಿದ್ದ ಪ್ರಶ್ನೆ ಆಳಿನ ಶ್ರಮ ಉಳಿಸುವುದು ಹೇಗೆ ಎಂಬುದಾಗಿತ್ತು.

1938ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಡೆವಿಟ್ ಸೋದರರು ಕೋಳಿಗಳಿಗೆ ಸರಪಳಿಯಿಂದ ಆಹಾರ ಸಾಗಿಸುವ ಯಂತ್ರ ತಂದರು. ಬಿಗ್ ಡಚ್‌ಮನ್ ಕಂಪನಿ ಹುಟ್ಟಿದ್ದು ಹಾಗೆ. ಉದ್ದದ ತೊಟ್ಟಿಯೊಳಗೆ ಸರಪಳಿ ಹರಿದು ಶೆಡ್ಡಿನ ತುಂಬ ಆಹಾರ ಹಂಚುತ್ತಿತ್ತು. ತೊಟ್ಟಿಯ ಆಕಾರವನ್ನು ತಿದ್ದಿದ್ದು ಮಾತ್ರ ಕೋಳಿಗಳೇ. ಅವು ಅಂಚಿನ ಮೇಲೆ ಕೂತು ಹಿಕ್ಕೆ ಹಾಕಿದವು, ಅದಕ್ಕೆ ತೊಟ್ಟಿಯ ಮೇಲೆ ಗರಗರ ತಿರುಗುವ ಕೋಲು ಬಂತು. ಕೊಕ್ಕಿನಿಂದ ಕಾಳು ಚಿಮ್ಮಿಸಿದವು, ಅಂಚನ್ನು ಒಳಕ್ಕೆ ಬಗ್ಗಿಸಬೇಕಾಯಿತು. ಮರಿ ಬೆಳೆದಂತೆ ಬೆನ್ನಿನ ಮಟ್ಟಕ್ಕೆ ಸರಿಯಾಗಿ ತೊಟ್ಟಿಯನ್ನು ಏರಿಸುವ ರೂಢಿಯೂ ಬೆಳೆಯಿತು.

ನೀರಿನ ಕತೆ ಇನ್ನೂ ಸೊಗಸಾಗಿದೆ. ಕೋಳಿಗೆ ನೀರು ಹೀರಲು ಬಾರದು. ಕೊಕ್ಕಿನ ತುಂಬ ತೆಗೆದುಕೊಂಡು ತಲೆಯೆತ್ತಿದರೆ ನೀರು ಗಂಟಲಿಗೆ ತಾನೇ ಇಳಿಯುತ್ತದೆ. ನಿಪ್ಪಲ್ ಡ್ರಿಂಕರ್ ಈ ಅಭ್ಯಾಸವನ್ನೇ ಬಳಸಿಕೊಂಡಿತು: ಕೊಳವೆ ತಲೆಯ ಮೇಲಿರುತ್ತದೆ, ಕೋಳಿ ಕತ್ತೆತ್ತಿ ಪುಟ್ಟ ಕಡ್ಡಿಯನ್ನು ಕುಕ್ಕುತ್ತದೆ, ಹನಿ ನೇರ ಬಾಯಿಗೆ ಬೀಳುತ್ತದೆ. ಕೆಳಗೆ ಹಾಸಿದ ಹೊಟ್ಟು ಒದ್ದೆಯಾಗದೆ ಉಳಿಯುತ್ತದೆ. ಮರಿಕೋಳಿಗಾಗಿ ಮೊಟ್ಟೆ ಇಡಿಸುವ ಫಾರಂಗಳಲ್ಲಿ ಮತ್ತೊಂದು ಜಾಣತನ ಕಾಣುತ್ತದೆ. ಹೇಟೆಯ ತೊಟ್ಟಿಗೆ ಹುಂಜ ಬಾಯಿ ಹಾಕಬಾರದು. ಹುಂಜದ ತಲೆ ಅಗಲ, ಜುಟ್ಟು ಎತ್ತರ; ಆದ್ದರಿಂದ ಹೇಟೆಯ ತಲೆಯಷ್ಟೇ ತೂರುವ ಜಾಲರಿ ಅಳವಡಿಸಿ, ಹುಂಜದ ತೊಟ್ಟಿಯನ್ನು ಹೇಟೆಗೆ ಎಟುಕದಷ್ಟು ಮೇಲೆ ತೂಗುಹಾಕುತ್ತಾರೆ.

ಇವೆಲ್ಲ ಮಾಡಿ ನೋಡಿ ಕಲಿತ ಪಾಠಗಳು. ಪ್ರಾಣಿಯ ಇಷ್ಟವನ್ನೇ ಅಳೆಯುವ ವಿಜ್ಞಾನಕ್ಕೆ ದಾರಿಯಾದದ್ದು ಬ್ರಿಟನ್ನಿನ ಒಂದು ವಿವಾದ. ರೂತ್ ಹ್ಯಾರಿಸನ್ ಅವರ 'ಅನಿಮಲ್ ಮಷೀನ್ಸ್' ಪುಸ್ತಕ 1964ರಲ್ಲಿ ಕಾರ್ಖಾನೆ ಮಾದರಿಯ ಸಾಕಣೆಯ ಮೇಲೆ ಜನರ ಕಣ್ಣು ತೆರೆಸಿತು. ಮರುವರ್ಷವೇ, ಈ ಬಗ್ಗೆ ಸರ್ಕಾರ ನೇಮಿಸಿದ್ದ ಬ್ರ್ಯಾಂಬೆಲ್ ಸಮಿತಿಯ ವರದಿ ಬಂತು. ಪಂಜರದ ನೆಲಕ್ಕೆ ತೆಳುತಂತಿಯ ಷಟ್ಕೋನ ಜಾಲರಿ ಬೇಡವೆಂದು ಸಮಿತಿ ಹೇಳಿತ್ತು. 1973ರಲ್ಲಿ ಸಂಶೋಧಕರಾದ ಹ್ಯೂಸ್ ಮತ್ತು ಬ್ಲ್ಯಾಕ್ ಕೋಳಿಗಳನ್ನೇ ಆರಿಸಿಕೊಳ್ಳಲು ಬಿಟ್ಟಾಗ ಅವು ಅದೇ ಜಾಲರಿಯನ್ನು ಮೆಚ್ಚಿದವು. ಮೇವಿನ ಸಲಕರಣೆಗೆ ಇದು ನೇರ ಸಂಬಂಧಿಸಿದ್ದಲ್ಲ, ಆದರೆ ಪ್ರಾಣಿಯ ನಡವಳಿಕೆಯನ್ನೇ ಅಳೆದು ನೋಡುವ ಈ ದಾರಿಯನ್ನು ಆ ಕ್ಷೇತ್ರವೂ ಮುಂದೆ ಹಿಡಿಯಿತು. ಯುರೋಪಿನ 1999ರ ಕಾನೂನು ಸುಧಾರಿತ ಪಂಜರದಲ್ಲಿ ಕೋಳಿಯೊಂದಕ್ಕೆ 12 ಸೆಂ.ಮೀ. ತೊಟ್ಟಿ ಇರಲೇಬೇಕೆಂದಿತು. ಕೋಳಿಗಳು ಒಂದನ್ನು ನೋಡಿ ಇನ್ನೊಂದು ತಿನ್ನಲು ಮುಗಿಬೀಳುವುದರಿಂದ ಜಾಗದ ಲೆಕ್ಕ ದೊಡ್ಡದು.

ಹಂದಿಗಳ ವಿಷಯದಲ್ಲಿ ಕೆನಡಾದ ಹೆರಾಲ್ಡ್ ಗಾನ್ಯು ಮುಖ್ಯ ಹೆಸರು. ಒಂದು ಹಂದಿ ತಿನ್ನುವ ಜಾಗದ ಅಗಲ ಅದರ ಭುಜದ ಅಗಲದ 1.1 ಪಟ್ಟು ಇರಲಿ ಎಂಬ ಸೂತ್ರ ಅವರ ಕೆಲಸದಿಂದ ಬಂತು. ತೊಟ್ಟಿ ತೀರ ಆಳವಾದರೆ ಮರಿ ಮುಂಗಾಲನ್ನು ಒಳಗಿಟ್ಟೇ ತಿನ್ನುತ್ತದೆ, ಆಹಾರ ಹೊಲಸಾಗುತ್ತದೆ.

ಹಸುಗಳಲ್ಲಿ ಅಳತೆಯ ಜತೆ ಯಜಮಾನಿಕೆಯ ಪ್ರಶ್ನೆಯೂ ಇದೆ. 1970ರಲ್ಲಿ ಬ್ರಾಡ್‌ಬೆಂಟ್ ಮತ್ತು ಸಂಗಡಿಗರು, ಗುಂಪಿನಲ್ಲಿದ್ದರೂ ಪ್ರತಿ ಹಸುವೂ ತನ್ನ ಬಾಗಿಲನ್ನಷ್ಟೇ ತೆರೆದು ತಿನ್ನಬಲ್ಲ ಸಾಧನವನ್ನು ವಿವರಿಸಿದರು. ಕತ್ತಿಗೆ ಕಟ್ಟಿದ ಗುರುತು ಬಾಗಿಲ ಚಿಲಕ ಬಿಡಿಸುತ್ತಿತ್ತು. ಯಾವ ಹಸು ಎಷ್ಟು ತಿಂದಿತು ಎಂದು ಗುಂಪಿನೊಳಗೇ ತಿಳಿಯುವುದು ಇದರಿಂದ ಸಾಧ್ಯವಾಯಿತು. ಮುಂದೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೆವ್ರೀಸ್, ವಾನ್ ಕೈಸರ್‌ಲಿಂಕ್ ಮೊದಲಾದವರು ತಿನ್ನುವ ಜಾಗವನ್ನು ಹಸುವೊಂದಕ್ಕೆ ಅರ್ಧ ಮೀಟರಿನಿಂದ 1 ಮೀಟರಿಗೆ ಏರಿಸಿ ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಿನ್ನುವಾಗಿನ ಜಗಳ ಶೇ 57ರಷ್ಟು ಇಳಿಯಿತು. ಹೆಚ್ಚು ಲಾಭವಾದದ್ದು ಹಿಂದೆ ಸರಿದು ಕಾಯುವ ಸಾಧು ಹಸುಗಳಿಗೆ. ಬರೀ ಅಡ್ಡಗಂಬಿಯ ಬದಲು ಕತ್ತಿನ ಎರಡೂ ಬದಿಗೆ ನೆಟ್ಟಗಿನ ಸರಳುಗಳಿರುವ ಚೌಕಟ್ಟು ಹಾಕಿದಾಗಲೂ ಒಂದು ಹಸು ಇನ್ನೊಂದನ್ನು ತಳ್ಳುವುದು ಐದನೇ ಒಂದು ಭಾಗದಷ್ಟು ತಗ್ಗಿತು. ಕ್ಷೇತ್ರದ ಚರಿತ್ರೆಯಲ್ಲಿ ಇದೊಂದು ಮುಖ್ಯ ತಿರುವು. ಸರಾಸರಿ ಹಸುವಿಗಾಗಿ ಕಟ್ಟಿದ ಗೋದಲಿಯಲ್ಲಿ ಸೊರಗುವುದು ಯಾವಾಗಲೂ ಕೊನೆಯಲ್ಲಿ ನಿಂತ ಹಸು.

ಕರುವಿಗೂ ಇದೇ ಸಹಾನುಭೂತಿ ಬೇಕು. ಹಾಲಿನ ರುಚಿ ನಾಲಗೆಗೆ ತಾಗಿದೊಡನೆ ಚೀಪುವ ತವಕ ಹುಟ್ಟಿ, ಹತ್ತು ನಿಮಿಷದ ಸುಮಾರಿಗೆ ತಣಿಯುತ್ತದೆ ಎಂದು ಸಂಶೋಧಕರಾದ ಡಿ ಪಸಿಯೆ ಮತ್ತು ರಶೆನ್ ತೋರಿಸಿದರು. ಬಕೆಟ್ಟಿನಲ್ಲಿ ಗಟಗಟ ಕುಡಿದು ಮುಗಿಸಿದ ಕರು ಪಕ್ಕದ ಕರುವಿನ ಕಿವಿ, ಹೊಕ್ಕುಳು ಚೀಪುವುದು ಇದಕ್ಕೇ. ಬಕೆಟ್ಟಿಗೆ ರಬ್ಬರ್ ಮೊಲೆ ಜೋಡಿಸಿ, ಹಾಲು ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟರೆ ಈ ಕಾಟ ಕಡಿಮೆ.

ಹಸುಗಳ ಈ ಅಳತೆಗಳಲ್ಲಿ ಬಹುಪಾಲು ಹೋಲ್‌ಸ್ಟೀನ್ ತಳಿಯ ಮೈಕಟ್ಟಿಗೆ ಸಿದ್ಧವಾದವು. ಕರ್ನಾಟಕದ ಒಂದೇ ತಾಲ್ಲೂಕಿನಲ್ಲಿ 400 ಕೆ.ಜಿ. ತೂಗುವ ಮಿಶ್ರತಳಿ ಹಸುವೂ ಅದರ ಕಾಲುಭಾಗ ತೂಗುವ ಮಲೆನಾಡು ಗಿಡ್ಡವೂ ಸಿಗುತ್ತವೆ. ಎರಡಕ್ಕೂ ಒಂದೇ ಅಳತೆಯ ಸಿಮೆಂಟ್ ಗೋದಲಿ ಹೊಂದುವುದಿಲ್ಲ. ಸಿಮೆಂಟಿಗೂ ತನ್ನದೇ ತೊಂದರೆ ಇದೆ. ರಸಮೇವಿನ ಆಮ್ಲ ಅದರ ಮೈಯನ್ನು ತಿನ್ನುತ್ತದೆ, ದಿನವೂ ಉಜ್ಜುವ ಒರಟು ನಾಲಗೆ ಜಲ್ಲಿ ಮೇಲೇಳುವಂತೆ ಸವೆಸುತ್ತದೆ, ಆ ತಗ್ಗುಗಳಲ್ಲಿ ಹಳೆಯ ಮೇವು ಕೊಳೆಯುತ್ತದೆ. ತಳಕ್ಕೆ ನುಣುಪಾದ ಟೈಲ್ಸ್ ಹಾಕಿದರೆ ಬೇಗ ಗುಡಿಸಿ ತೊಳೆಯಬಹುದು. ಕಟ್ಟಿಹಾಕಿದ ಹಸುವಿಗೆ ಹೊತ್ತು ನೋಡಿ ನೀರಿನ ಬಕೆಟ್ ತೋರಿಸುವ ಮನೆಗಳಲ್ಲಿ, ಎರಡು ಹಸುಗಳ ನಡುವೆ ಗೋದಲಿಗೆ ಹೊಂದಿಕೊಂಡಂತೆ ಅಗಲ ಬಾಯಿಯ ನೀರುತೊಟ್ಟಿ ಕಟ್ಟುವುದು ಮೊದಲ ಕೆಲಸವಾಗಬೇಕು. ಆಯ್ಕೆ ಕೊಟ್ಟಾಗ ಹಸುಗಳು ಕಿರಿದಾದ ತೊಟ್ಟಿಗಿಂತ ದೊಡ್ಡ ತೊಟ್ಟಿಯಲ್ಲೇ ಹೆಚ್ಚು ನೀರು ಕುಡಿದವೆಂದು 2004ರ ಇನ್ನೊಂದು ಅಧ್ಯಯನ ಕಂಡುಕೊಂಡಿದೆ.