ತಂಗಿಯ ಗದ್ದೆ, ಊರು ಬಿಟ್ಟ ಅಣ್ಣ

ತಳೇಗಾಂವ ದಾಭಾಡೆ ಎಂಬ ಊರ ಹೆಸರಿನಲ್ಲಿಯೇ ಒಂದು ಮನೆತನವಿದೆ. ಮರಾಠಾ ಸೇನಾಪತಿ ಖಂಡೇರಾವ ದಾಭಾಡೆಯ ಮನೆತನ ಅದು. 1731ರಲ್ಲಿ ಅವನ ಮಗ ತ್ರ್ಯಂಬಕರಾವ ಡಭೋಯಿಯಲ್ಲಿ ಪೇಶ್ವೆ ಬಾಜೀರಾಯನ ಸೈನ್ಯದೆದುರು ಮಡಿದ. ಪದವಿ ಇನ್ನೊಬ್ಬ ಮಗನ ಹೆಸರಿಗೆ ಬಂದರೂ ಅಧಿಕಾರ ನಡೆಸಿದವಳು ಖಂಡೇರಾವನ ವಿಧವೆ ಉಮಾಬಾಯಿ. ಇಲ್ಲಿ ನೆಲೆಸಿರುವ ನಾವು ಅವಳ ಹೆಸರನ್ನು ಅಭಿಮಾನದಿಂದಲೇ ಹೇಳುತ್ತೇವೆ. ಆದರೆ ಕರಾವಳಿಯ ಮೂಲದವರಾದ ನಮ್ಮಲ್ಲಿ ಕೆಲವರಿಗೆ ಆ ಕಥೆಯ ಒಂದಂಶ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಉಮಾಬಾಯಿಯ ಕೈಗೆ ಅಧಿಕಾರ ಬರಲು ಗಂಡ ಸಾಯಬೇಕಾಯಿತು, ಮಗನೂ ಸಾಯಬೇಕಾಯಿತು. ಉಳ್ಳಾಲದ ಅಬ್ಬಕ್ಕನಿಗೆ ಅವೆರಡೂ ಬೇಕಾಗಲಿಲ್ಲ. ಚೌಟರ ಅರಸುತನ ಅವಳಿಗೆ ಬಂದದ್ದು ಸೋದರಮಾವ ತಿರುಮಲರಾಯನಿಂದ.

ಈ ವ್ಯತ್ಯಾಸದ ಹಿಂದೆ ಇದ್ದದ್ದು ಅಳಿಯಸಂತಾನ ಕಟ್ಟು. ಇಲ್ಲಿ ಅಳಿಯನೆಂದರೆ ಮಗಳ ಗಂಡನಲ್ಲ, ಅಕ್ಕತಂಗಿಯರ ಮಗ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು, ಜೈನರು ಈ ಕಟ್ಟಿನಲ್ಲಿ ಬಾಳಿದವರು. ಮಗು ತಾಯಿಯ ಬಳಿಗೆ, ಅಂದರೆ ತುಳುವರು ‘ಬರಿ’ ಎನ್ನುವ ಕುಲಕ್ಕೆ ಸೇರುತ್ತದೆ. ಆಸ್ತಿ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಾಗುತ್ತದೆ. ಗಂಡಸು ಆ ಆಸ್ತಿಯನ್ನು ತನ್ನ ಜೀವಮಾನದಲ್ಲಿ ಅನುಭವಿಸಬಲ್ಲ, ಯಜಮಾನನಾಗಿ ನೋಡಿಕೊಳ್ಳಬಲ್ಲ. ತನ್ನ ಮಕ್ಕಳಿಗೆ ಕೊಡಲಾರ.

ಹೀಗೇಕೆ ಎಂಬುದಕ್ಕೆ ಜನ ಹೇಳುವುದು ಭೂತಾಳ ಪಾಂಡ್ಯನ ಕಥೆ. ಕುಂಡೋದರನೆಂಬ ಭೂತ ನರಬಲಿ ಕೇಳಿತು, ಅರಸನ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ಒಪ್ಪಿದಳು, ಬಲಿಗೆಂದು ಬಂದ ಹುಡುಗನನ್ನು ಭೂತವೇ ಉಳಿಸಿತು, ರಾಜ್ಯ ಅವನದಾಯಿತು. ಇದನ್ನು ಇತಿಹಾಸವೆಂದು ನಾವು ಒಪ್ಪುವುದಿಲ್ಲ. ಉತ್ತರ ಗದ್ದೆಯಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ.

ತುಳುನಾಡಿನ ಭತ್ತದ ನೆಲ ಮೂರು ಮೆಟ್ಟಿಲಿನದು. ತಗ್ಗಿನ ಬೈಲು ಗದ್ದೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕೊಡುತ್ತದೆ. ನಡುವಣ ಮಜಲು ಎರಡು. ಮೇಲಿನ ಬೆಟ್ಟು ಗದ್ದೆ ಮಳೆಯನ್ನೇ ನಂಬಿ ಒಂದು. ನೀರು ಮೇಲಿನಿಂದ ಕೆಳಗಿಳಿಯಬೇಕು. ಸೊಪ್ಪು, ಮೇವು, ಕಟ್ಟಿಗೆ ಅಂಚಿನ ಕುಮ್ಕಿ ಜಾಗದಿಂದ ಬರಬೇಕು. ಇಂಥ ಹಿಡುವಳಿಯನ್ನು ನಾಲ್ವರಿಗೆ ಹಂಚಿದರೆ ಒಬ್ಬನಿಗೆ ಅನ್ನ, ಒಬ್ಬನಿಗೆ ಬರಿಯ ಬೆಟ್ಟು, ಎಲ್ಲರಿಗೂ ನೀರಿನ ಜಗಳ. ಕುಟುಂಬದ ಆಸ್ತಿ ಪಾಲಾಗಬಾರದೆಂಬ ನಿಯಮಕ್ಕೆ ಇಲ್ಲಿ ಅರ್ಥವಿತ್ತು. ಒಬ್ಬ ಸದಸ್ಯ ಕೇಳಿದ ಮಾತ್ರಕ್ಕೆ ಪಾಲು ಮಾಡಿಸಲಾಗದೆಂದು ಮದರಾಸಿನ ಹೈಕೋರ್ಟು 1863ರಲ್ಲಿ ಹೇಳಿದ್ದೂ ಇದನ್ನೇ ಗಟ್ಟಿಗೊಳಿಸಿತು.

ಇದು ನಮ್ಮೊಬ್ಬರ ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದಲ್ಲಿ ಮಿನಂಗ್‌ಕಬಾವ್ ಜನರಿದ್ದಾರೆ. ಅವರು ಮುಸ್ಲಿಮರು, ಭತ್ತದ ಬೇಸಾಯಗಾರರು, ಮಾತೃಮೂಲದ ಸಮಾಜಗಳಲ್ಲಿ ಜಗತ್ತಿನಲ್ಲಿಯೇ ಅತ್ಯಂತ ದೊಡ್ಡವರು. ಅವರ ಗ್ರಾಮಕ್ಕೆ ಹೆಸರು ‘ನಗರಿ’, ಸೋದರಮಾವನಿಗೆ ‘ಮಾಮಕ್’. (ಧ್ವನಿಸಾಮ್ಯಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ, ಆದರೂ ಕಿವಿಗೆ ಹಿತವಾಗಿದೆ.) ಕೋಡಿನಂತೆ ಮೇಲೆದ್ದ ಮಾಡಿನ ದೊಡ್ಡ ಮನೆ ಹೆಂಗಸರದು, ಪಿತ್ರಾರ್ಜಿತವೆಂದು ಕರೆಯಲಾಗದ ಆ ಮೂಲದ ಗದ್ದೆ ಹೆಂಗಸರ ಸಂತತಿಯದು. ಗದ್ದೆಯನ್ನು ಮಾರುವಂತಿಲ್ಲ. ಅಡವಿಡಲೂ ಸಂಪ್ರದಾಯ ಒಪ್ಪಿದ ಸಂದರ್ಭಗಳು ನಾಲ್ಕೇ: ಮನೆಯಲ್ಲಿ ಶವವಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ಬೆಳೆದ ಹುಡುಗಿಯ ಮದುವೆ ನಿಂತಾಗ, ದೊಡ್ಡ ಮನೆಯ ಮಾಡು ಸೋರಿದಾಗ, ಕುಲದ ಮುಖಂಡನ ಪದವಿ ಖಾಲಿ ಬಿದ್ದಾಗ.

ಹಾಗಾದರೆ ಅಲ್ಲಿಯ ಗಂಡಸರು ಏನು ಮಾಡುತ್ತಾರೆ? ಊರು ಬಿಡುತ್ತಾರೆ. ಅದಕ್ಕೆ ‘ಮರಂತಾವ್’ ಎಂಬ ಹೆಸರೇ ಇದೆ. ಹುಡುಗ ಹೊರನಾಡಿಗೆ ಹೋಗಿ ದುಡಿದು, ಲೋಕ ಕಂಡು ಬರಬೇಕು. ಇಂಡೋನೇಷ್ಯಾದ ಮೊದಲ ಉಪರಾಷ್ಟ್ರಪತಿ ಮೊಹಮ್ಮದ್ ಹತ್ತಾ ಹೀಗೆ ಹೊರಟವರಲ್ಲೊಬ್ಬರು. ಉಳಿದ ಸಾವಿರಾರು ಮಂದಿ ಇಟ್ಟದ್ದು ಊಟದ ಹೋಟೆಲು! ‘ಪದಾಂಗ್’ ಹೋಟೆಲಿಲ್ಲದ ಪಟ್ಟಣ ಆ ದೇಶದಲ್ಲಿ ಅಪರೂಪ. ಮುಂಬಯಿ–ಪುಣೆ ಹೆದ್ದಾರಿಯುದ್ದಕ್ಕೂ ಶೆಟ್ಟರ, ಪೂಜಾರಿಗಳ ಹೋಟೆಲುಗಳನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಬಡತನ, ಭೂಮಿಯ ಕೊರತೆ ನಮ್ಮವರನ್ನು ಹೊರಗಟ್ಟಿದ್ದು ನಿಜ. ಆದರೆ ಹೊರಟವನ ಹಿಂದೆ ಅಕ್ಕತಂಗಿಯರ ಗದ್ದೆ ಇತ್ತು, ಸೋತು ಮರಳಿದರೂ ಗಂಜಿಗೆ ಬಾಧೆಯಿಲ್ಲವೆಂಬ ಭರವಸೆಯಿತ್ತು ಎಂಬುದೂ ಅಷ್ಟೇ ನಿಜ.

ಎರಡು ನಾಡುಗಳ ನಡುವೆ ಒಂದು ಭೇದವುಂಟು. ಮಿನಂಗ್‌ಕಬಾವ್ ಗಂಡ ಹೆಂಡತಿಯ ಮನೆಯಲ್ಲಿ ಅತಿಥಿ; ತುಳುನಾಡಿನ ಹೆಂಡತಿ ಸಾಮಾನ್ಯವಾಗಿ ಗಂಡನ ಮನೆಗೆ ಹೋಗುತ್ತಿದ್ದಳು. ಆದರೆ ಅವಳ ಹಕ್ಕು ಹೋಗುತ್ತಿರಲಿಲ್ಲ. ಗಂಡ ಸತ್ತರೂ, ಸಂಬಂಧ ಮುರಿದರೂ ಅವಳು ತನ್ನ ಕುಟುಂಬದ ಮನೆಗೆ ಮರಳುತ್ತಿದ್ದಳು, ಅಣ್ಣನ ದಯೆಗಲ್ಲ.

ಹಾಗೆಂದು ಇದನ್ನು ಸ್ತ್ರೀರಾಜ್ಯವೆಂದು ಕೊಂಡಾಡುವವರನ್ನು ನಾವು ಒಪ್ಪುವುದಿಲ್ಲ. ಹೆಂಗಸು ಯಜಮಾಂತಿಯಾಗಬಹುದಿತ್ತು, ಆದರೂ ಕೀಲಿಕೈ ಬಹುಮಟ್ಟಿಗೆ ಸೋದರಮಾವನ ಸೊಂಟದಲ್ಲಿತ್ತು. ಕಿರಿಯರಿಗೆ ಅನ್ನವಸ್ತ್ರದ ಹಕ್ಕಷ್ಟೆ. ಯಜಮಾನ ಗುಟ್ಟಾಗಿ ತನ್ನ ಹೆಂಡತಿ ಮಕ್ಕಳಿಗೆ ಆಸ್ತಿ ಸಾಗಿಸಿದನೆಂಬ ವ್ಯಾಜ್ಯಗಳು ಮಂಗಳೂರಿನ ಕೋರ್ಟುಗಳಿಗೆ ಹೊಸವಲ್ಲ. ಪಾಲು ಕೇಳಿದ ತರುಣರ ಸಿಟ್ಟು ನ್ಯಾಯವಾದದ್ದೇ.

1949ರ ಮದರಾಸು ಅಳಿಯಸಂತಾನ ಕಾಯಿದೆ ಆ ಪಾಲನ್ನು ಕೊಟ್ಟಿತು. ಹಂಚಿಕೆಯ ಘಟಕ ‘ಕವರು’, ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಸಂತತಿ. ಐವತ್ತು ತುಂಬದ ಒಬ್ಬ ಹೆಂಗಸಾದರೂ ಇರುವುದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಗಂಡಸಿಗೆ ಹತ್ತು ಮಕ್ಕಳಿದ್ದರೂ ಈ ಲೆಕ್ಕದಲ್ಲಿ ಅವನು ನಿಸ್ಸಂತಾನನಾಗಬಹುದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಾತನ್ನೇ ತಿರುಗಿಸಿತು. ಉಯಿಲಿಲ್ಲದೆ ಸತ್ತ ಗಂಡಸಿನ ಪಾಲು ಹೆಂಡತಿ, ಮಕ್ಕಳು, ತಾಯಿಗೆ. ಯಾರ ಸಂತತಿಗಾಗಿ ಆ ಗದ್ದೆ ಉಳಿದಿತ್ತೋ ಆ ತಂಗಿ ಎರಡನೆಯ ವರ್ಗದ ವಾರಸುದಾರಳಾದಳು. 1974ರ ಭೂಸುಧಾರಣೆ ಕುಲವನ್ನು ಕೇಳಲಿಲ್ಲ, ಉಳುವವನು ಯಾರೆಂದು ಮಾತ್ರ ಕೇಳಿತು. ಗೇಣಿಗೆ ಕೊಟ್ಟ ಗುತ್ತಿನ ಮನೆಗಳ ಭೂಮಿ ಒಕ್ಕಲುಗಳ ಪಾಲಾಯಿತು. ಅದು ಆಗಬೇಕಾದದ್ದೇ. ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳದ 1975ರ ಕಾಯಿದೆ ಅವಿಭಕ್ತ ಕುಟುಂಬವನ್ನೇ ರದ್ದುಗೊಳಿಸಿತು.

ಈ ಬದಲಾವಣೆಗಳಿಂದ ಮಕ್ಕಳಿಗೆ ತಂದೆ ಸಿಕ್ಕಿದ, ಹೆಂಡತಿಗೆ ಗಂಡನ ಪಾಲು ಸಿಕ್ಕಿತು. ಬೆಲೆ ತೆತ್ತವಳು ಮರಳಿ ಬರಲು ಮನೆಯಿದ್ದ ತಂಗಿ. ಹೊರನಾಡಿನಲ್ಲಿ ಗೆದ್ದ ಅಣ್ಣಂದಿರು ಪಾಲು ಮಾರಿ ಫ್ಲ್ಯಾಟು ಕೊಂಡಾಗ ಅವಳ ಬಾಗಿಲೂ ಮಾರಾಟವಾಯಿತೆಂಬುದನ್ನು ನಮ್ಮ ಸಂಘಗಳ ಸ್ಮರಣಸಂಚಿಕೆಗಳು ಬರೆಯುವುದು ವಿರಳ.

ಹಳೆಯ ಕಟ್ಟಿನ ಒಂದು ಎಳೆ ಇಂದಿಗೂ ಕಾನೂನಿನಲ್ಲಿದೆ. ಹೊರನಾಡಿನವರು ಅರಿತಿರುವುದು ಒಳ್ಳೆಯದು. 1956ರ ಕಾಯಿದೆಯ 17ನೆಯ ಕಲಮಿನಂತೆ, ಅಳಿಯಸಂತಾನಕ್ಕೆ ಸೇರುತ್ತಿದ್ದ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಮೊದಲ ಸಾಲಿನಲ್ಲಿ ನಿಲ್ಲುವವರು ಅವಳ ಮಕ್ಕಳು ಮತ್ತು ತಾಯಿ. ಗಂಡ ನಿಲ್ಲುವುದು ಎರಡನೆಯ ಸಾಲಿನಲ್ಲಿ, ಅವಳ ತಂದೆಯ ಜೊತೆಗೆ. ಕುಟುಂಬದ ಮನೆಯ ದೈವದ ಕೋಲಕ್ಕೆ ಪುಣೆಯಿಂದ ಹೋದ ಮೊಮ್ಮಕ್ಕಳನ್ನು ಹಿರಿಯರು ಇಂದಿಗೂ ತಾಯಿಯ ಬರಿ ಕೇಳಿಯೇ ಗುರುತಿಸುತ್ತಾರೆ.